ಶಾಲೆಗೊಬ್ಬರೇ ಪಿಸಿಎಂ ಮೇಷ್ಟ್ರು

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಸ್ಟಾಫ್ ರೂಮಿನಲ್ಲಿ ಶಿಕ್ಷಕರಿಗೆ ಹೆಸರಿಗಿಂತ ಮೊದಲು ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದವರು ಪಿಸಿಎಂ. ರಸಾಯನಶಾಸ್ತ್ರದ ಜೊತೆ ಸಸ್ಯ, ಪ್ರಾಣಿಶಾಸ್ತ್ರ ಓದಿದವರು ಸಿಬಿಜೆಡ್. ಸಣ್ಣ ಊರಿನ ಶಾಲೆಗಳಲ್ಲಿ ಸಾಮಾನ್ಯವಾಗಿ ತಲಾ ಒಬ್ಬೊಬ್ಬರೇ. ಹತ್ತನೇ ತರಗತಿಗೆ ತ್ರಿಕೋನಮಿತಿ ಶುರು ಮಾಡುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಅದನ್ನು ಬೇರೆಯವರು ಹೇಗೆ ದಾಟಿಸುತ್ತಾರೆ ಎಂದು ಕೇಳೋಣವೆಂದರೆ ಪಕ್ಕದ ಕುರ್ಚಿಯಲ್ಲಿರುವವರು ಹಿಂದಿ ಶಿಕ್ಷಕರು. ಅವರು ಚಹಾ ಕೊಡಿಸಿಯಾರು, ಸೈನ್ ಕೊಸೈನ್ ವಿಚಾರಕ್ಕೆ ಒದಗಿಬರಲಾರರು.

ವಿಷಯ ಶಿಕ್ಷಕರ ಈ ಒಂಟಿತನಕ್ಕೆ ಸರ್ಕಾರಗಳು ಕಂಡುಕೊಂಡ ಉತ್ತರ ತರಬೇತಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗಳಲ್ಲಿ ಡಯಟ್ ಎಂಬ ಶಿಕ್ಷಕ ತರಬೇತಿ ಸಂಸ್ಥೆಗಳು ಬಂದವು. 1990ರ ದಶಕದ ಡಿಪಿಇಪಿ ಎಂಬ ಪ್ರಾಥಮಿಕ ಶಿಕ್ಷಣ ಯೋಜನೆ ತಾಲ್ಲೂಕಿಗೆ ಬಿಆರ್‌ಸಿ ಎಂಬ ಸಂಪನ್ಮೂಲ ಕೇಂದ್ರವನ್ನೂ ಸುತ್ತಲಿನ ಕೆಲವು ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಸಿಆರ್‌ಸಿಯನ್ನೂ ತಂದಿತು. ಸರ್ವ ಶಿಕ್ಷಣ ಅಭಿಯಾನ ಅದನ್ನು ದೇಶವಿಡೀ ಹರಡಿತು. ಇದರೊಳಗೆ ಜ್ಞಾನ ಹರಿಯುವ ದಾರಿ ಮೇಲಿನಿಂದ ಕೆಳಕ್ಕೆ. ರಾಜ್ಯ ಮಟ್ಟದಲ್ಲಿ ತಯಾರಾದ ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಹೇಳಬೇಕು. 2019ರಲ್ಲಿ ಶುರುವಾದ ‘ನಿಷ್ಠಾ’ ಕಾರ್ಯಕ್ರಮ 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ ಇಟ್ಟುಕೊಂಡದ್ದೂ ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿಯಲ್ಲೇ. ಕೋವಿಡ್ ಬಂದ ಮೇಲೆ ಅದು ‘ದೀಕ್ಷಾ’ ವೇದಿಕೆಗೆ, ಅಂದರೆ ಮೊಬೈಲಿಗೆ, ಬಂತು. ಇಷ್ಟು ದೊಡ್ಡ ಸಂಖ್ಯೆಯನ್ನು ಮುಟ್ಟಲು ಬೇರೆ ಉಪಾಯ ಕಡಿಮೆ, ನಿಜ. ಆದರೆ ಮೇಲಿನ ಹಂತದಲ್ಲಿ ಬಿಸಿಬಿಸಿ ಚರ್ಚೆಯಾದದ್ದು ಕೊನೆಯ ಹಂತಕ್ಕೆ ಇಳಿಯುವ ಹೊತ್ತಿಗೆ ಎಷ್ಟೋ ಸಲ ಬರೀ ಪಿಪಿಟಿಯಾಗಿ ಉಳಿದಿರುತ್ತದೆ.

ಹಲವು ರಾಜ್ಯಗಳಿಗೆಂದೇ ಇರುವ ಸಂಸ್ಥೆಗಳದು ಇನ್ನೊಂದು ರೀತಿ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮತ್ತು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಎರಡೂ 1963ರಲ್ಲಿ ಆರಂಭವಾದವು. ಇಂಗ್ಲಿಷ್ ಕಲಿಸುವವರಿಗೆ ಎರಡನೆಯದರ 30 ದಿನಗಳ ಕೋರ್ಸ್ ಚಿರಪರಿಚಿತ. ಒಂದೇ ವಿಷಯದವರು ಒಂದೆಡೆ ಉಳಿದು, ಉಂಡು, ವಾದ ಮಾಡಿ ಕಲಿಯುವ ಸುಖ ಅಲ್ಲಿದೆ. ಮೂವತ್ತೊಂದನೇ ದಿನ ಅವರವರ ಊರಿಗೆ ಅವರವರ ಬಸ್ಸು.

ಆ ಮೂವತ್ತೊಂದನೇ ದಿನದ ಬಗ್ಗೆಯೂ ಯೋಚಿಸಿದ ಪ್ರಯೋಗವೊಂದು ಮಧ್ಯಪ್ರದೇಶದಲ್ಲಿ ನಡೆದಿತ್ತು. ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಹೆಸರು ನರ್ಮದಾಪುರಂ) ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸ್ವಯಂಸೇವಾ ಸಂಸ್ಥೆಗಳು 1972ರಲ್ಲಿ 16 ಶಾಲೆಗಳ ಮಾಧ್ಯಮಿಕ ತರಗತಿಗಳಿಗೆ ಹೊಸ ಬಗೆಯ ವಿಜ್ಞಾನ ಪಾಠ ಆರಂಭಿಸಿದವು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿತು. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಮುಂದಿನ ಹೊಣೆ ಹೊತ್ತಿತು. ಮಕ್ಕಳು ಗುಂಪುಗೂಡಿ ತಾವೇ ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು. ಅವರ ‘ಬಾಲ ವೈಜ್ಞಾನಿಕ’ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು, ಪ್ರಯೋಗ ಪರೀಕ್ಷೆಯೂ ಇರುತ್ತಿತ್ತು. ‘ಸವಾಲಿರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ಸಂಶಯ ಕೇಳುತ್ತಿದ್ದರು.

ಮಕ್ಕಳಿಗೆ ಸವಾಲಿರಾಮ್ ಇದ್ದ. ಮೇಷ್ಟ್ರಿಗೆ?

ಅವರಿಗೆ ಬೇಸಿಗೆ ತರಬೇತಿಯ ಜೊತೆ ಸಂಗಮ ಕೇಂದ್ರಗಳಿದ್ದವು. ಸುತ್ತಲಿನ ವಿಜ್ಞಾನ ಶಿಕ್ಷಕರು ತಿಂಗಳಿಗೊಮ್ಮೆ ಅಲ್ಲಿ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಕಿಟ್‌ನಲ್ಲಿ ಏನು ಮುಗಿದಿದೆ, ಯಾವ ಹುಡುಗಿಯ ಪ್ರಶ್ನೆಗೆ ಉತ್ತರ ತೋಚಲಿಲ್ಲ ಎಂಬುದೇ ಅಲ್ಲಿನ ಮಾತು. ಮುಂದೆ ಬರುವ ಅಧ್ಯಾಯಗಳ ಪ್ರಯೋಗಗಳನ್ನು ಮೊದಲು ತಾವೇ ಮಾಡಿ ನೋಡುತ್ತಿದ್ದರು. ದೆಹಲಿ ವಿಶ್ವವಿದ್ಯಾಲಯದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರ್ಯಕ್ರಮದ ಬೆನ್ನಿಗಿದ್ದರು. ಹಳ್ಳಿಯ ಶಿಕ್ಷಕರ ಅನುಭವವೂ ಪಠ್ಯದ ಪರಿಷ್ಕರಣೆಗೆ ಒದಗುತ್ತಿತ್ತು. ತರಬೇತಿ ಪಡೆದವರಲ್ಲೇ ಚುರುಕಾದವರು ಸಂಪನ್ಮೂಲ ಶಿಕ್ಷಕರಾಗಿ ಉಳಿದವರನ್ನು ತಯಾರು ಮಾಡಿದರು. ಮೂರು ದಶಕ ನಡೆದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಶಿಕ್ಷಕರ ಜಾಲಕ್ಕೆ ಎಷ್ಟೇ ಜೀವವಿರಲಿ, ಅದರ ಆಯಸ್ಸು ಒಂದು ಸರ್ಕಾರಿ ಆದೇಶದ ಕೈಯಲ್ಲಿರುತ್ತದೆ ಎಂಬುದೂ ಆಗ ಗೊತ್ತಾಯಿತು.

ನಮ್ಮಲ್ಲೂ ಪ್ರಯತ್ನಗಳು ಆಗಿಲ್ಲವೆಂದಲ್ಲ. 2010ರ ದಶಕದ ಆರಂಭದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ಗಳನ್ನು ಕಟ್ಟಿದವು. ಕಂಪ್ಯೂಟರ್ ಮುಟ್ಟಲು ಹಿಂಜರಿಯುತ್ತಿದ್ದವರೂ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜ ಎಳೆದು ಹಿಗ್ಗಿಸುವುದನ್ನು ಕಲಿತರು. ಯಾರು ಬೇಕಾದರೂ ಬಳಸಬಹುದಾದ ಪಾಠ ಸಾಮಗ್ರಿ ಕನ್ನಡದಲ್ಲಿ ಕೂಡುತ್ತ ಹೋಯಿತು. ಅತ್ತ ಯಾದಗಿರಿಯಂಥ ಜಿಲ್ಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಕಲಿಕಾ ಕೇಂದ್ರಗಳಿಗೆ ಶಿಕ್ಷಕರು ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ, ಯಾರ ಆದೇಶವೂ ಇಲ್ಲದೆ ಬರುತ್ತಾರೆ. ಆದೇಶವಿಲ್ಲದೆ ಬಂದವರ ಚರ್ಚೆಯ ಕಳೆಯೇ ಬೇರೆ.

ಪ್ರಾಥಮಿಕ ಶಾಲೆಯವರಿಗೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಎಂಬ ಸಿದ್ಧ ಜಾಗವೇ ಇದೆ. ಉದ್ದೇಶದಲ್ಲಿ ಅದು ಸಂಗಮ ಕೇಂದ್ರದ ಸೋದರಸಂಬಂಧಿ. ಆದರೆ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯ ಸ್ಯಾಟ್ಸ್ ನಮೂದು, ಶೂ-ಸಾಕ್ಸ್ ವಿತರಣೆಯ ಮಾಹಿತಿ ಎಂದು ಮಾತು ಶುರುವಾದರೆ ಭಿನ್ನರಾಶಿಗೆ ಸರದಿ ಬರುವುದೇ ಕಷ್ಟ. ಶಿಕ್ಷಕರೊಂದಿಗೆ ಕೈಜೋಡಿಸಬೇಕಾದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಇಲಾಖೆಗೆ ಅಂಕಿ-ಅಂಶ ಒಟ್ಟುಮಾಡುವವರಾಗಿಬಿಡುತ್ತಾರೆ.

ಪ್ರೌಢಶಾಲೆಯವರ ತೊಡಕು ಇನ್ನೊಂದು. ಇಪ್ಪತ್ತು ಜನ ಪಿಸಿಎಂ ಶಿಕ್ಷಕರು ಕೂಡಬೇಕೆಂದರೆ ಇಪ್ಪತ್ತು ಶಾಲೆಗಳಿಂದ ಬರಬೇಕು. ಅಂದು ಆ ಅಷ್ಟೂ ಶಾಲೆಗಳಲ್ಲಿ ಗಣಿತದ ಪೀರಿಯಡ್ ಖಾಲಿ. ಹಾಗಾಗಿ ಬಹುತೇಕ ಸಂಪರ್ಕ ವಾಟ್ಸ್‌ಆ್ಯಪ್ ಗುಂಪಿನಲ್ಲೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಅಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳೂ ‘ಪಾಸಿಂಗ್ ಪ್ಯಾಕೇಜ್’ಗಳೂ ಓಡಾಡುತ್ತವೆ. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಬೇಕೆನ್ನುತ್ತದೆ. ಶಾಲೆಗಳನ್ನು ಗುಂಪುಗೂಡಿಸಬೇಕೆಂಬ 1960ರ ದಶಕದ ಕೊಠಾರಿ ಆಯೋಗದ ಸಲಹೆಯನ್ನೂ ಮತ್ತೆ ಎತ್ತಿಕೊಂಡಿದೆ. ಆ 50 ಗಂಟೆಗಳಲ್ಲಿ ಒಂದು ಪಾಲನ್ನಾದರೂ ವಿಷಯವಾರು ಸಭೆಗಳಿಗೆ ಮೀಸಲಿಟ್ಟು, ಒಳ್ಳೆಯ ಲ್ಯಾಬ್ ಇರುವ ತಾಲ್ಲೂಕಿನ ಒಂದು ಶಾಲೆಯನ್ನು ಗೊತ್ತುಮಾಡಿ, ಓಓಡಿ (ಅನ್ಯ ಕರ್ತವ್ಯ) ಸೌಲಭ್ಯ ಕೊಡುವುದು ಇಲಾಖೆಗೆ ಅಸಾಧ್ಯವೇನಲ್ಲ. ಆ ದಿನ ವೇಳಾಪಟ್ಟಿಯಲ್ಲಿ ಗಣಿತದ ಬದಲು ಆಟವನ್ನೋ ಚಿತ್ರಕಲೆಯನ್ನೋ ಇಟ್ಟರೆ ಮಕ್ಕಳಿಂದಂತೂ ಆಕ್ಷೇಪಣೆ ಬರಲಾರದು.