ಅರಮನೆ ಬ್ಯಾಂಡಿನ ಊರಲ್ಲಿ ಕನ್ನಡ ರಾಕ್

ದಸರಾ ರಜೆ ಶುರುವಾಯಿತೆಂದರೆ ಮೈಸೂರಿನಲ್ಲಿ ಸಂಜೆ ಮನೆಯಲ್ಲಿ ಕೂರುವವರು ಕಡಿಮೆ. ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಜಗನ್ಮೋಹನ ಅರಮನೆಯಲ್ಲಿ, ಗಾನಭಾರತಿಯಲ್ಲಿ ಕಛೇರಿ; ಕಲಾಮಂದಿರದಲ್ಲಿ ನೃತ್ಯ; ಪುರಭವನದಲ್ಲಿ ನಾಟಕ; ಚಿಕ್ಕಗಡಿಯಾರದ ಮುಂದೆ ಜನಪದ ಹಾಡು. ಇವೆಲ್ಲದರ ಜೊತೆಗೆ ಯುವ ದಸರೆ. ಅಲ್ಲಿ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್, ಆಳೆತ್ತರದ ಸ್ಪೀಕರ್‌ಗಳು ಮತ್ತು ನಿಂತುಕೊಂಡೇ ಕುಣಿಯುವ ಸಾವಿರಾರು ಹುಡುಗ ಹುಡುಗಿಯರು.

ಈ ಹತ್ತು ದಿನ ನಗರದ ರಸ್ತೆಗಳಲ್ಲಿ ತಮಿಳುನಾಡು ನೋಂದಣಿಯ ವಾಹನಗಳೂ ಸಾಲುಗಟ್ಟುತ್ತವೆ. ಕೊಯಮತ್ತೂರು, ತಿರುಪ್ಪೂರು ಕಡೆಯ ಎಷ್ಟೋ ಕುಟುಂಬಗಳು ಆಯುಧಪೂಜೆಯ ರಜೆ ಸಿಕ್ಕಿದ ಕೂಡಲೇ ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಚಾಮರಾಜನಗರದ ಮೇಲಿಂದ ಮೈಸೂರಿಗೆ ಬರುತ್ತವೆ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರು ರಾಜ್ಯದ್ದೇ ಆಗಿತ್ತು. ಗಡಿ ಬದಲಾದರೂ ಹಬ್ಬಕ್ಕೆ ಮೈಸೂರಿಗೆ ಬರುವ ರೂಢಿ ಉಳಿದುಕೊಂಡಿದೆ. ಹಾಗೆ ಬಂದವರಿಗೆ ಜಂಬೂಸವಾರಿ, ಅರಮನೆ, ಮೃಗಾಲಯ ಗೊತ್ತು. ಕನ್ನಡ ರಾಕ್ ಸಂಗೀತಕ್ಕೆ ದೊಡ್ಡ ಹೆಸರು ತಂದ ಎರಡು ತಂಡಗಳ ಬೇರು ಇದೇ ಊರಿನಲ್ಲಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೈಸೂರಿನವರಲ್ಲೂ ಹಲವರಿಗೆ ಗೊತ್ತಿಲ್ಲ.

ಅರಮನೆಯಲ್ಲಿ ಎರಡು ಬ್ಯಾಂಡು

ರಾಕ್ ಎಂದರೆ ಬೆಂಗಳೂರಿನ ಪಬ್ಬುಗಳಿಂದ ಬಂದ ಹೊಸ ಗೀಳು ಎಂದು ಹೇಳುವವರಿದ್ದಾರೆ. ಮೈಸೂರಿನ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಪಶ್ಚಿಮದ ವಾದ್ಯಗಳು ಈ ಊರಿನ ಹಬ್ಬದ ಸದ್ದಿನಲ್ಲಿ ಸೇರಿಹೋಗಿ ಎಷ್ಟೋ ಕಾಲವಾಯಿತು. ಅರಮನೆಯಲ್ಲಿ ಎರಡು ವಾದ್ಯವೃಂದಗಳಿದ್ದವು: ಒಂದು ಕರ್ನಾಟಕ ಬ್ಯಾಂಡು, ಇನ್ನೊಂದು ಇಂಗ್ಲಿಷ್ ಬ್ಯಾಂಡು. ಒಂದರಲ್ಲಿ ಕೃತಿಗಳು, ಇನ್ನೊಂದರಲ್ಲಿ ಯುರೋಪಿನ ಮಾರ್ಚುಗಳು, ಆರ್ಕೆಸ್ಟ್ರಾ ಸಂಗೀತ. ಜರ್ಮನಿಯಿಂದ ಬಂದ ಆಟೊ ಶ್ಮಿಟ್ ಬಹುಕಾಲ ಅರಮನೆಯ ವಾದ್ಯಗಾರರನ್ನು ತಿದ್ದಿ ತೀಡಿದರು. ಸ್ವಾತಂತ್ರ್ಯದ ನಂತರ ಈ ಪರಂಪರೆ ಪೊಲೀಸ್ ಇಲಾಖೆಯ ಕೈಗೆ ಬಂತು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಕಾರ್ಯಕ್ರಮಕ್ಕೆಂದೇ ಬರುವ ಕೇಳುಗರಿದ್ದಾರೆ.

ಅರಸರೂ ಕೇಳಿ ತಲೆದೂಗಿ ಸುಮ್ಮನಾದವರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆಯ ಜೊತೆಗೆ ಪಿಯಾನೊ, ಸ್ಯಾಕ್ಸೊಫೋನ್‌ಗಳನ್ನೂ ನುಡಿಸುತ್ತಿದ್ದರು. ಜಯಚಾಮರಾಜ ಒಡೆಯರು ಪಿಯಾನೊ ವಾದಕರಾಗಬೇಕೆಂಬ ಆಸೆಯಿದ್ದವರು. ಸಿಂಹಾಸನದ ಹೊಣೆ ಬಂದದ್ದರಿಂದ ಆ ಆಸೆ ಕೈಗೂಡಲಿಲ್ಲ, ಸಂಗೀತದ ಮೋಹ ಮಾತ್ರ ಬಿಡಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ, ಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮೈಸೂರಿನ ನೆರವು ಹೋಗುತ್ತಿತ್ತು. ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಛೇರಿಯ ಹಿಂದೆಯೂ ಮೈಸೂರಿನ ಹಣವಿತ್ತು. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನೂ ರಚಿಸಿದರು. ಮನೆಯ ಸಂಗೀತವನ್ನೂ ದೂರದ ಸಂಗೀತವನ್ನೂ ಒಟ್ಟಿಗೆ ಪ್ರೀತಿಸುವುದಕ್ಕೆ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅರಮನೆ ಬ್ಯಾಂಡು ಕೇಳಿದವರಿಗೆ ಏನು ಮಾಡಿತು ಎಂಬುದಕ್ಕೆ ಕದ್ರಿ ಗೋಪಾಲನಾಥರ ಬದುಕು ಒಳ್ಳೆಯ ನಿದರ್ಶನ. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರ ಮಗ ಅವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಗಮಕಕ್ಕೆ ಬಗ್ಗದ ಆ ಹಿತ್ತಾಳೆಯ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಲು ವರ್ಷಗಟ್ಟಲೆ ದುಡಿದರು. ಕೊನೆಗೆ 1994ರಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ, ಅದೇ ಆಲ್ಬರ್ಟ್ ಹಾಲ್‌ನಲ್ಲಿ, ನುಡಿಸಿ ಬಂದರು. ಹುಡುಗನೊಬ್ಬ ಕೇಳಿದ ಒಂದು ವಾದ್ಯ ಅವನ ಬಾಳನ್ನೇ ತಿರುಗಿಸಿತು. ಹಬ್ಬದ ಬ್ಯಾಂಡಿಗೆ ಇರುವ ಶಕ್ತಿ ಇದು.

ಗೆಜ್ಜೆ ಕಟ್ಟಿದ ಗಿಟಾರಿಗ

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯದಲ್ಲಿ ವಿದ್ವತ್, ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, ಸಹಪಾಠಿಯೊಬ್ಬ ಹಾಕಿದ ಸವಾಲಿನಿಂದ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲು ಕಟ್ಟಿದ ತಂಡ ‘ಅಂತರಾಗ್ನಿ’. ಆಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. 2008ರಲ್ಲಿ ಬಂದ ಮೊದಲ ಆಲ್ಬಮ್‌ನಲ್ಲಿ ಹಿಂದಿ ಹಾಡುಗಳ ನಡುವೆ ಶಿಶುನಾಳ ಷರೀಫರ ತತ್ವಪದಗಳು ಗಿಟಾರು, ಪಿಟೀಲು, ಡ್ರಮ್ಸ್ ಸಮೇತ ಬಂದವು. ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡುವ ಈ ಗಾಯಕ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು. ಕನ್ನಡದ ಒಂದಕ್ಷರ ಬಾರದ ಜನ ಷರೀಫರ ಪದಕ್ಕೆ ಕುಣಿದರು.

ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ತಂಡ ‘ಸ್ವರಾತ್ಮ’. ಮುಂದೆ ಬೆಂಗಳೂರಿಗೆ ನೆಲೆ ಬದಲಿಸಿ 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ ‘ಟೋಪಿವಾಲೆ’ ತಂದಿತು. ಊರಿನ ನೀರು, ನೆಲ, ರಾಜಕಾರಣ ಇವರ ಹಾಡಿನ ವಸ್ತು. ಮೊದಲ ಆಲ್ಬಮ್‌ನ ‘ಪ್ಯಾಸಿ’ ಹಾಡಿನಲ್ಲಿ ಬಾಯಾರಿದ್ದು ನದಿ. ವಾಸು ವೇದಿಕೆಯ ಮೇಲೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುತ್ತಾರೆ. ನಮ್ಮ ಜಾತ್ರೆಗಳ ಕೀಲುಕುದುರೆ ಅದು. ಅದನ್ನೇ ‘ಪೊಯ್ಕಾಲ್ ಕುದಿರೈ’ ಎಂದು ಕರೆಯುವ ಕೊಂಗುನಾಡಿನ ನೋಡುಗರಿಗೂ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಏಕತಾರಿಗೂ ಎಲೆಕ್ಟ್ರಿಕ್ ಗಿಟಾರಿಗೂ ನೆಂಟಸ್ತನ

ತತ್ವಪದಕ್ಕೂ ರಾಕ್‌ಗೂ ಜೋಡಿ ಹೇಗೆ ಕೂಡಿತು? ಸದ್ದು ಜೋರು ಮಾಡಿದರೆ ರಾಕ್ ಆಗುವುದಿಲ್ಲ. ಒಳಗೆ ಸಂಗೀತದ ಕಾರಣಗಳಿವೆ.

ಮೊದಲನೆಯದು ಶ್ರುತಿ. ರಾಕ್ ಗಿಟಾರಿನ ಬೆನ್ನೆಲುಬು ಪವರ್ ಕಾರ್ಡ್. ಅದರಲ್ಲಿ ಇರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಪಾಶ್ಚಾತ್ಯ ಸಂಗೀತದ ಮಾಮೂಲು ಕಾರ್ಡಿನಲ್ಲಿ ನಡುವೆ ಗಾಂಧಾರವೂ ಇರುತ್ತದೆ. ಗಾಂಧಾರ ಬಂದರೆ ಅದು ಸಾಧಾರಣವೋ ಅಂತರವೋ ಎಂದು ಮೊದಲೇ ತೀರ್ಮಾನವಾಗಿಬಿಡುತ್ತದೆ. ಹಾಡುವವನ ರಾಗಕ್ಕೆ ಬೇಲಿ ಬೀಳುತ್ತದೆ. ಪವರ್ ಕಾರ್ಡ್‌ನಲ್ಲಿ ಆ ಬೇಲಿಯಿಲ್ಲ. ತಂಬೂರಿಯೂ ಷಡ್ಜ ಪಂಚಮಗಳನ್ನೇ ಮಿಡಿಯುತ್ತದೆ. ಏಕತಾರಿಯಂತೂ ಒಂದೇ ತಂತಿಯ ಮೇಲೆ ಇಡೀ ಪದವನ್ನು ದಾಟಿಸುತ್ತದೆ. ಹೀಗಾಗಿ ಗಿಟಾರಿನ ಗುಡುಗಿನ ಮೇಲೂ ಗಾಯಕ ತನ್ನ ಧಾಟಿ ಬಿಡದೆ, ಸ್ವರ ಜಾರಿಸಿ, ಎಳೆದು ಹಾಡಬಲ್ಲ.

ಎರಡನೆಯದು ನಡೆ. ನಮ್ಮ ಜನಪದ ಹಾಡುಗಳಲ್ಲಿ ತಿಶ್ರ ನಡೆ ಹೇರಳ. ಮೂರು ಮೂರು ಪೆಟ್ಟಿಗೆ ಮೈ ತಾನಾಗಿ ತೂಗುತ್ತದೆ. ದಪ್ಪು, ಡೊಳ್ಳು ಕೊಡುವ ಆ ಪೆಟ್ಟನ್ನು ಡ್ರಮ್ಸ್‌ನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಹೊರುತ್ತದೆ, ಮೇಲಿನ ತಾಳವಾದ್ಯದ ಕೆಲಸ ಸಿಂಬಲ್‌ನದು. ಮಲೆ ಮಹದೇಶ್ವರನ ಗುಡ್ಡರು ಕಂಸಾಳೆ ಬೀಸುವಾಗ ಹುಟ್ಟುವ ವೇಗ ರಾಕ್ ಕೇಳುವವರಿಗೆ ಬೇಗ ಹತ್ತುತ್ತದೆ. 2008ರ ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಮಾಡಿದ ಮಹದೇಶ್ವರನ ಹಾಡು ಊರೂರಿನ ಆರ್ಕೆಸ್ಟ್ರಾಗಳಿಗೆ ಹರಡಿದ್ದಕ್ಕೆ ಅದೂ ಒಂದು ಕಾರಣ. ಮಹದೇಶ್ವರ ಬೆಟ್ಟಕ್ಕೆ ಕೊಯಮತ್ತೂರು, ಈರೋಡು ಕಡೆಯ ಭಕ್ತರೂ ನಡೆದುಕೊಳ್ಳುತ್ತಾರೆ. ಆ ದೇವರ ಹಾಡು ಗಡಿಯ ಎರಡೂ ಕಡೆಗೆ ಸೇರಿದ್ದು.

ಮೂರನೆಯದು ಹಿಮ್ಮೇಳ. ತತ್ವಪದವನ್ನು ಒಬ್ಬರೇ ಹಾಡಿಕೊಳ್ಳುವುದು ಕಡಿಮೆ. ಒಬ್ಬರು ಸೊಲ್ಲು ಎತ್ತಿಕೊಡುತ್ತಾರೆ, ಭಜನೆಗೆ ಕೂತವರೆಲ್ಲ ಅದನ್ನು ಹಿಡಿಯುತ್ತಾರೆ. ರಾಕ್ ಕಛೇರಿಯಲ್ಲೂ ಗಾಯಕ ಮೈಕನ್ನು ಜನರ ಕಡೆಗೆ ತಿರುಗಿಸುತ್ತಾನೆ, ಮೈದಾನವೇ ಹಿಮ್ಮೇಳವಾಗುತ್ತದೆ. ಸಾಹಿತ್ಯದ ಗಟ್ಟಿತನ ಇಲ್ಲಿ ಕೆಲಸಕ್ಕೆ ಬರುತ್ತದೆ. 1819ರಿಂದ 1889ರವರೆಗೆ ಬಾಳಿದ ಷರೀಫರು ಸೋರುವ ಮನೆ, ಸೇದುವ ಗುಡುಗುಡಿಗಳಂಥ ದಿನಬಳಕೆಯ ಚಿತ್ರಗಳಲ್ಲಿ ದೇಹ, ಮಾಯೆ, ಮುಕ್ತಿಯ ಮಾತಾಡಿದವರು. ಇಪ್ಪತ್ತರ ಹುಡುಗನಿಗೆ ಮೊದಲ ಸಲ ಲಯ ಹಿಡಿಸುತ್ತದೆ, ಹತ್ತನೆಯ ಸಲ ಅರ್ಥ ತಟ್ಟುತ್ತದೆ.

ಈ ದಾರಿಗೆ ಮೊದಲ ಹೆಜ್ಜೆ ಇಟ್ಟವರನ್ನು ಇಲ್ಲಿ ನೆನೆಯಲೇಬೇಕು. ಸಿ. ಅಶ್ವತ್ಥ್ ಷರೀಫರ ಪದಗಳನ್ನು ಮನೆಮನೆಗೆ ತಲುಪಿಸಿದರು. ನಾಗಾಭರಣ ನಿರ್ದೇಶಿಸಿದ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ಸಂಗೀತ ಅವರದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಬಂತು. ಎರಡು ವರ್ಷಗಳ ನಂತರ ಅದೇ ಮೈದಾನದಲ್ಲಿ ವಿದೇಶಿ ರಾಕ್ ತಂಡಗಳಾದ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿದವು. ಕವಿಗಳ ಸಾಲನ್ನು ಬಯಲು ತುಂಬಿದ ಜನರ ಕೊರಳಿಗೆ ಕೊಡಬಹುದೆಂದು ಅಶ್ವತ್ಥ್ ಅದಕ್ಕೂ ಮೊದಲೇ ತೋರಿಸಿದ್ದರು.

ಯುವ ದಸರೆ, ಯುವ ಸಂಭ್ರಮ

ಮೈಸೂರಿನ ಎಳೆಯರಿಗೆ ದಸರೆಯಲ್ಲಿ ಎರಡು ವೇದಿಕೆಗಳಿವೆ. ಮೊದಲು ಬರುವುದು ಯುವ ಸಂಭ್ರಮ. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ತಂಡಗಳು ಸಾಲಾಗಿ ಬಂದು ಕುಣಿಯುತ್ತವೆ. ತಮ್ಮ ಕಾಲೇಜಿನ ಹೆಸರು ಕೂಗಿದಾಗ ಮೆಟ್ಟಿಲ ಮೇಲೆ ಕೂತವರ ಕೇಕೆ ಕೇಳಬೇಕು. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದ ಮಕ್ಕಳಿಗೆ ದೊಡ್ಡ ಬೆಳಕಿನಡಿ ನಿಲ್ಲುವ ಮೊದಲ ಅವಕಾಶ ಅದು.

ಎರಡನೆಯದು ಯುವ ದಸರೆ. ವರ್ಷಗಟ್ಟಲೆ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆದ ಇದು, ಜನ ಹಿಡಿಸದಾದಾಗ 2024ರಲ್ಲಿ ಊರಾಚೆಯ ಉತ್ತನಹಳ್ಳಿಗೆ ಹೋಯಿತು. ಆ ವರ್ಷ ಶ್ರೇಯಾ ಘೋಷಾಲ್, ರವಿ ಬಸ್ರೂರು, ಬಾದ್‌ಷಾ, ಎ.ಆರ್. ರೆಹಮಾನ್, ಇಳಯರಾಜಾ ಐದು ಸಂಜೆ ತುಂಬಿದರು. ಇಂಥ ಕಲಾವಿದರನ್ನು ನಾಡಹಬ್ಬಕ್ಕೆ ಕರೆಸುವುದು ಒಳ್ಳೆಯದೇ. ಟಿಕೆಟ್ಟಿಗೆ ಸಾವಿರಾರು ರೂಪಾಯಿ ಕೊಡಲಾಗದ ಮನೆಗಳ ಮಕ್ಕಳೂ ರೆಹಮಾನರನ್ನು ಎದುರಿಗೆ ಕಂಡು ಕೇಳುವಂತಾದರೆ ಅದು ಸರ್ಕಾರದ ಹಣದ ಸದ್ವಿನಿಯೋಗ.

ಆದರೆ ಹಬ್ಬದ ವೇದಿಕೆಗೆ ಇನ್ನೊಂದು ಕೆಲಸವೂ ಇದೆ: ನಾಳೆಯ ಸಂಗೀತಗಾರರನ್ನು ಬೆಳೆಸುವುದು. ಈ ಊರಿನಲ್ಲಿ ಸಂಗೀತ ಉಳಿದದ್ದು ಬಯಲಲ್ಲಿ, ಬೀದಿಯಲ್ಲಿ ಕೇಳಿಸಿಕೊಂಡವರಿಂದ. ನಗರದ ಬಡಾವಣೆಯೊಂದರ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ದೊಡ್ಡ ವಿದ್ವಾಂಸರ ಕಛೇರಿಯನ್ನು ರಸ್ತೆಯಲ್ಲೇ ಕೂತು ಕೇಳುವ ಅಭ್ಯಾಸ ಮೈಸೂರಿನವರದು. ಹಾಗೆ ಕೇಳುತ್ತ ಬೆಳೆದವರಿಗೆ ಹಾಡುವ ಸರದಿಯೂ ಬರಬೇಕು. ಸಿನಿಮಾ ಹಾಡನ್ನು ಚೆನ್ನಾಗಿ ಒಪ್ಪಿಸುವ ಆರ್ಕೆಸ್ಟ್ರಾಗೆ ಮದುವೆ, ಗಣೇಶೋತ್ಸವ, ರಾಜ್ಯೋತ್ಸವ ಎಂದು ವರ್ಷವಿಡೀ ಕರೆಯಿರುತ್ತದೆ. ಸ್ವಂತ ಹಾಡು ಕಟ್ಟುವ ನಾಲ್ವರ ಬ್ಯಾಂಡಿಗೆ ಆ ಕರೆಯಿಲ್ಲ. ಡ್ರಮ್ಸ್ ಸೆಟ್ಟು, ಆಂಪ್ಲಿಫೈಯರು, ಅಭ್ಯಾಸಕ್ಕೆ ಸದ್ದು ಆಚೆ ಹೋಗದ ಕೋಣೆ, ಎಲ್ಲಕ್ಕೂ ಖರ್ಚು. ಅದಕ್ಕೇ ಊರಿನ ಪ್ರತಿಭೆ ಬೆಂಗಳೂರಿನ ಬಸ್ಸು ಹತ್ತುತ್ತದೆ. ಸ್ವರಾತ್ಮ ಹೋದದ್ದೂ ಅದೇ ದಾರಿಯಲ್ಲಿ.

ಮಾಡಬಹುದಾದದ್ದು ದೊಡ್ಡದೇನಲ್ಲ. ಯುವ ದಸರೆಯ ಪ್ರತಿ ಸಂಜೆಯ ಮೊದಲ ಗಂಟೆಯನ್ನು ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗಿನ ತಂಡಗಳಿಗೆ ಮೀಸಲಿಡಲಿ. ಷರತ್ತು ಒಂದೇ, ಹಾಡು ಸ್ವಂತದ್ದಾಗಿರಬೇಕು, ಇಲ್ಲವೇ ನಮ್ಮ ಪದಗಳಿಗೆ ಹೊಸದಾಗಿ ಕೂಡಿಸಿದ ಸಂಗೀತವಾಗಿರಬೇಕು. ಮುಖ್ಯ ಕಲಾವಿದರಿಗೆ ಕೊಡುವ ಧ್ವನಿವರ್ಧಕ, ಬೆಳಕು, ತಂತ್ರಜ್ಞರನ್ನೇ ಇವರಿಗೂ ಕೊಡಲಿ. ದಸರೆ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ಬಯಲು ರಂಗಮಂದಿರದ ಬಾಗಿಲು ಅವರಿಗೆ ತೆರೆದಿರಲಿ. ಗಡಿಯಾಚೆಯ ತಾಳವಾಡಿಯಿಂದ, ಕೊಯಮತ್ತೂರಿನ ಕನ್ನಡದ ಮನೆಗಳಿಂದ ಬರುವ ಹಾಡುಗಾರರಿಗೂ ಅಲ್ಲಿ ಜಾಗವಿರಲಿ.

ಮೆಟ್ನರ್ ಎಂಬ ಯಾರಿಗೂ ಬೇಡವಾದ ಸಂಗೀತಕಾರನನ್ನು ಕಡಲಾಚೆ ಹುಡುಕಿ ಕೈಹಿಡಿದ ಊರು ಮೈಸೂರು. ತನ್ನದೇ ಬೀದಿಯಲ್ಲಿ, ಯಾರದೋ ಮಹಡಿಯ ಕೋಣೆಯಲ್ಲಿ ಕನ್ನಡದ ಪದಕ್ಕೆ ಗಿಟಾರ್ ಕೂಡಿಸುತ್ತಿರುವ ಮಕ್ಕಳಿಗೆ ಅದು ದಸರೆಯ ಒಂದು ಗಂಟೆ ಕೊಡಬಲ್ಲದು. ಈ ಸಲದ ರಜೆಗೆ ಮೈಸೂರಿಗೆ ಹೋಗುವವರು ಜಂಬೂಸವಾರಿಯ ಪಾಸಿನ ಜೊತೆಗೆ ಒಂದು ಸಂಜೆಯನ್ನು ಯುವ ದಸರೆಗೂ ತೆಗೆದಿಡಿ. ಹೆಸರು ಕೇಳಿರದ ತಂಡ ವೇದಿಕೆ ಹತ್ತಿದಾಗ ಎದ್ದು ಹೋಗಬೇಡಿ, ಸೊಲ್ಲು ಎತ್ತಿಕೊಟ್ಟರೆ ಹಿಮ್ಮೇಳ ಹಿಡಿಯಿರಿ. ಬ್ಯಾಂಡು ಬೆಳೆಯುವುದು ಅದರಿಂದಲೇ.