ಕಾಲೇಜು ಪ್ರವೇಶದ ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಪಿ.ಯು.ಸಿ. ಮುಗಿಸಿದ ಹೆಚ್ಚಿನ ಮಕ್ಕಳಿಗೆ ಸಂದರ್ಶನವೇ ಇರುವುದಿಲ್ಲ. ಇಂಜಿನಿಯರಿಂಗ್ ಸೀಟು ಸಿ.ಇ.ಟಿ. ಮೇಲೆ, ವೈದ್ಯಕೀಯ ಸೀಟು ನೀಟ್ ಮೇಲೆ ಸಿಗುತ್ತದೆ. ಅಲ್ಲಿ ನಡೆಯುವುದು ದಾಖಲೆಗಳ ಪರಿಶೀಲನೆ. ಆದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಪರೀಕ್ಷೆಯ ನಂತರ ಸಂದರ್ಶನವೂ ಉಂಟು. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುವ ಸಂಸ್ಥೆ ಅದು. ದೂರವೆಂದು ಪಾಲಕರು ಬಿಟ್ಟುಬಿಡಬಾರದು.

ಎರಡಕ್ಕೂ ಮೊದಲು ಹೆಸರು ನೋಡಿಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ‘ಮೊಹಮ್ಮದ್’ ಎಂದು ಪೂರ್ತಿ ಇರುತ್ತದೆ, ಆಧಾರ್‌ನಲ್ಲಿ ‘ಎಂ.ಡಿ.’ ಎಂದಿರುತ್ತದೆ. ಹೆಣ್ಣುಮಕ್ಕಳ ‘ಬೇಗಂ’ ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಮನೆಯಲ್ಲಿ ಇದು ಸಣ್ಣ ಮಾತು. ದಾಖಲೆ ನೋಡುವವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಅಲೆದಾಟ. ಅದರಂತೆ ಆಧಾರ್ ಮತ್ತು ಪಾಸ್‌ಬುಕ್ಕನ್ನು ಈಗಲೇ ಸರಿಪಡಿಸಿಕೊಳ್ಳಿ. ಸರ್ಕಾರದ ವಿದ್ಯಾರ್ಥಿವೇತನ ನಿಲ್ಲುವುದೂ ಹಲವು ಸಲ ಇದೇ ಕಾರಣಕ್ಕೆ.

371(ಜೆ) ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ, 2ಬಿ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಫಲಿತಾಂಶಕ್ಕೆ ಮೊದಲೇ ಪಡೆಯಿರಿ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ನಮ್ಮ ಭಾಗದವರಿಗೆ ಮೀಸಲು. ಕಾಗದವಿಲ್ಲದಿದ್ದರೆ ಈ ಹಕ್ಕು ಇದ್ದೂ ಇಲ್ಲದಂತೆ.

ಇನ್ನು ಸಂದರ್ಶನ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ನಮ್ಮ ಮಕ್ಕಳು ತಂದೆಯ ಹೆಸರು, ಊರು, ಅಂಕ ಒಪ್ಪಿಸಿ ಸುಮ್ಮನಾಗುತ್ತಾರೆ. ಅದೆಲ್ಲ ಅರ್ಜಿಯಲ್ಲೇ ಇದೆ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಯಲ್ಲಿ ತಂದೆ ಲಾರಿ ರಿಪೇರಿ ಮಾಡುತ್ತಿದ್ದರೆ, ರಜೆಯಲ್ಲಿ ನೀವು ಜೊತೆಗಿದ್ದು ಏನು ಕಲಿತಿರಿ ಎಂದು ಹೇಳಿ. ತೊಗರಿ ಹೊಲವಿದ್ದರೆ ಮಳೆ ತಪ್ಪಿದ ವರ್ಷ ಮನೆ ಹೇಗೆ ನಡೆಯಿತೆಂದು ಹೇಳಿ. ನಾಚಿಕೆ ಬೇಡ.

ಊರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಕಲ್ಯಾಣ ಚಾಲುಕ್ಯರ ರಾಜಧಾನಿ, 12ನೇ ಶತಮಾನದ ಶರಣರ ಅನುಭವ ಮಂಟಪ, ಇಷ್ಟು ಯಾರಾದರೂ ಹೇಳುತ್ತಾರೆ. ಕೋಟೆಯನ್ನು ಒಮ್ಮೆ ಸುತ್ತಿ ಬಂದು, ಕಂಡದ್ದನ್ನು ಹೇಳಿದರೆ ಕೇಳುವವರು ತಲೆ ಎತ್ತಿ ನೋಡುತ್ತಾರೆ.

ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಅಥವಾ ಉರ್ದು, ಸಂತೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಇಂಗ್ಲಿಷಿಗೆ ಅಷ್ಟೇಕೆ ಹೆದರುತ್ತಾರೋ! ಯಾವ ಭಾಷೆಯಲ್ಲಿ ಉತ್ತರಿಸಬಹುದೆಂದು ಮೊದಲೇ ವಿಚಾರಿಸಿ. ಬಾಯಿಪಾಠದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಸರ್’ ಎನ್ನಿ.

ಪಾಲಕರು ಒಳಗೆ ಬಂದು ಮಗಳ ಪರವಾಗಿ ಉತ್ತರಿಸಬೇಡಿ. ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಸಂದರ್ಶನಕ್ಕೂ ಇದೇ ಮಾತು. ಅಭ್ಯಾಸ ಬೇಕಾದವರು ಅರ್ಜಿ ಕೊಡುವಾಗ ಕಚೇರಿಯಲ್ಲಿ ಹೆಸರು ಬರೆಸಿದರೆ, ಭಾನುವಾರ ಕೂರಿಸಿ ಪ್ರಶ್ನೆ ಕೇಳುತ್ತೇವೆ.