ಶಾರ್ಕ್ ಇಳಿಯದ ಆಳ

ಚೆನ್ನೈನ ಅಂಬತ್ತೂರಿನಿಂದ ಕಡಲು ಕಾಣುವುದಿಲ್ಲ. ಅಲ್ಲಿ ದೊಡ್ಡ ಕೆರೆಯಿದೆ, ಅರವತ್ತರ ದಶಕದಲ್ಲಿ ಎದ್ದ ಇಂಡಸ್ಟ್ರಿಯಲ್ ಎಸ್ಟೇಟ್ ಇದೆ, ಅದರ ಬೀದಿಗಳ ತುಂಬ ಲೇಥುಗಳ ಸದ್ದಿದೆ. ಆದರೂ ಚೆನ್ನೈನಲ್ಲಿ ಆಳಸಮುದ್ರದ ಮಾತೆತ್ತಿದರೆ ಅದು ಬೇಗ ತಲೆಗೆ ಹೋಗುವುದು ಇಲ್ಲಿನ ಟರ್ನರ್, ವೆಲ್ಡರ್‌ಗಳಿಗೇ ಇರಬೇಕು. ಒಳಗೆ ಮೂವರು ಕೂರಬಹುದಾದ, 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳ. ಗೋಡೆಯ ದಪ್ಪ 80 ಮಿಲಿಮೀಟರ್. ಅದನ್ನು ಎಲೆಕ್ಟ್ರಾನ್ ಕಿರಣದಿಂದ ಬೆಸೆದವರು ಇಸ್ರೋದವರು. ಇಷ್ಟು ಹೇಳಿದರೆ ಸಾಕು, ಆ ಬೆಸುಗೆಯ ಕಷ್ಟವನ್ನು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದು ‘ಮತ್ಸ್ಯ 6000’. ನಗರದ ದಕ್ಷಿಣಕ್ಕೆ ಪಳ್ಳಿಕ್ಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಟಿ, ಕಟ್ಟುತ್ತಿರುವ ಮಾನವಸಹಿತ ಜಲಾಂತರ ವಾಹನ. 2025ರ ಜನವರಿ–ಫೆಬ್ರುವರಿಯಲ್ಲಿ ಚೆನ್ನೈನ ಉತ್ತರದ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ಪರೀಕ್ಷಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ‘ನಾಟೀಲ್’ ವಾಹನದಲ್ಲಿ ಅಟ್ಲಾಂಟಿಕ್‌ನ ಆಳ ಕಂಡು ಬಂದರು: ರಾಜು ರಮೇಶ್ 4025 ಮೀಟರ್‌ವರೆಗೆ, ಮರುದಿನ ನಿವೃತ್ತ ನೌಕಾಧಿಕಾರಿ ಜತಿಂದರ್ ಪಾಲ್ ಸಿಂಗ್ 5002 ಮೀಟರ್‌ವರೆಗೆ. ಮತ್ಸ್ಯದ ಗುರಿ 6000.

ಇಂಥ ಸುದ್ದಿ ಬಂದಾಗ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಕಿಟಕಿಯಲ್ಲಿ ಶಾರ್ಕ್ ಕಾಣುತ್ತದೆಯೇ? ತಳ ಮುಟ್ಟಿದ ಮೇಲೆ ಕಾಣುವುದಿಲ್ಲ. ಶಾರ್ಕ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಇಮಾಂಟ್ಸ್ ಪ್ರೀಡೆ ಮತ್ತು ಸಂಗಡಿಗರು ಬಲೆ, ಗಾಳ, ಆಮಿಷ ಕಟ್ಟಿದ ಕ್ಯಾಮೆರಾ ಎಲ್ಲದರ ದಾಖಲೆ ಕೂಡಿಸಿ ನೋಡಿದರು. ಮೂರು ಸಾವಿರ ಮೀಟರ್ ದಾಟುತ್ತಿದ್ದಂತೆ ಶಾರ್ಕ್ ಹೆಚ್ಚುಕಡಿಮೆ ನಾಪತ್ತೆ. ಎಲ್ಲಕ್ಕಿಂತ ಆಳದಲ್ಲಿ ಸಿಕ್ಕ ‘ಪೋರ್ಚುಗೀಸ್ ಡಾಗ್‌ಫಿಶ್’ ಕೂಡ ನಾಲ್ಕು ಸಾವಿರ ಮುಟ್ಟಿಲ್ಲ. ಅವರ ಲೆಕ್ಕದಲ್ಲಿ ಜಗತ್ತಿನ ಸಮುದ್ರದ ನೂರಕ್ಕೆ ಎಪ್ಪತ್ತು ಪಾಲು ಶಾರ್ಕ್ ಇಲ್ಲದ ನೀರು. ಮೂಳೆಯಿರುವ ಮೀನುಗಳ ಕಥೆಯೇ ಬೇರೆ. ಜಪಾನಿನ ದಕ್ಷಿಣದ ಕಂದರದಲ್ಲಿ 2022ರಲ್ಲಿ ಬಸವನಮೀನೊಂದು 8336 ಮೀಟರ್ ಆಳದಲ್ಲಿ ಕ್ಯಾಮೆರಾದ ಮುಂದೆ ಹಾಯಾಗಿ ಈಜಿತು.

ಶಾರ್ಕ್‌ಗೆ ಏನು ಅಡ್ಡಿ? ಸಾಧ್ಯವಾದ ಕಾರಣಗಳಲ್ಲಿ ಒಂದು ನಮ್ಮ ಅಡುಗೆಮನೆಗೆ ಗೊತ್ತಿರುವ ವಾಸನೆಯಲ್ಲೇ ಇದೆ. ಆಳದ ಒತ್ತಡ ಪ್ರೋಟೀನುಗಳ ಆಕಾರ ಕೆಡಿಸುತ್ತದೆ. ಅದನ್ನು ತಡೆಯಲು ಮೀನುಗಳು ಟಿಎಂಎಒ ಎಂಬ ರಾಸಾಯನಿಕವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಸತ್ತ ಮೇಲೆ ಅದೇ ಕೊಳೆತು ಮಾರುಕಟ್ಟೆಯ ಮೀನುನಾತವಾಗುತ್ತದೆ. ಶಾರ್ಕ್ ಉಪ್ಪುನೀರಿಗೆ ಸರಿದೂಗಲು ಯೂರಿಯಾವನ್ನು ರಕ್ತದಲ್ಲೇ ಇಟ್ಟುಕೊಂಡಿರುತ್ತದೆ. ಹಳಸಿದ ತಾಟೆ (ಶಾರ್ಕ್) ಮೀನು ಮೂಗಿಗೆ ಹೊಡೆಯುವುದು ಅದಕ್ಕೇ, ಶಾರ್ಕ್ ಮಾಂಸ ಪುಡಿಮಾಡಿ ಚೆನ್ನೈಯ ಸುರಾ ಪುಟ್ಟು ಮಾಡುವವರು ತಾಜಾ ಮೀನೇ ಬೇಕೆಂದು ಹಟ ಹಿಡಿಯುವುದೂ ಅದಕ್ಕೇ. ಯೂರಿಯಾದ ಕೇಡನ್ನು ತಡೆಯಲು ಮೊದಲೇ ಟಿಎಂಎಒ ಬೇಕು. ಆಳಕ್ಕೆ ಹೋದಷ್ಟೂ ಇನ್ನಷ್ಟು ಬೇಕು. ಎಲ್ಲೋ ಒಂದು ಕಡೆ ಜಾಗ ಸಾಲದೆ ಬರುತ್ತದೆ.

ಪ್ರೀಡೆ ತಂಡ ಬೊಟ್ಟು ಮಾಡಿದ್ದು ಮಾತ್ರ ಇನ್ನೊಂದರತ್ತ, ಪಿತ್ತಜನಕಾಂಗದತ್ತ. ಶಾರ್ಕ್‌ಗೆ ಗಾಳಿಚೀಲವಿಲ್ಲ. ಮುಳುಗದಿರಲು ಅದು ನೆಚ್ಚಿರುವುದು ಲಿವರಿನ ಎಣ್ಣೆಯನ್ನು. ಆಳದ ಕೆಲವು ಜಾತಿಗಳಲ್ಲಿ ದೇಹದ ತೂಕದ ಐದನೇ ಒಂದು ಭಾಗ ಲಿವರೇ. ಅಷ್ಟು ಎಣ್ಣೆ ಕೂಡಿಡಬೇಕಾದರೆ ಹೊಟ್ಟೆ ತುಂಬ ಊಟ ಬೇಕು. ಮೇಲಿನಿಂದ ಉದುರಿದ ಚೂರುಪಾರೇ ಗತಿಯಾದ ಐದು ಸಾವಿರ ಮೀಟರ್ ಆಳದಲ್ಲಿ ಅದೆಲ್ಲಿ ಸಿಗಬೇಕು?

ಹಾಗಾಗಿ ವಾಹನಗಳಿಗೂ ದೊಡ್ಡ ಮೀನುಗಳಿಗೂ ಮುಖಾಮುಖಿ ಆಗಿರುವುದೆಲ್ಲ ಹೆಚ್ಚಾಗಿ ಮೇಲಿನ ಸಾವಿರ ಮೀಟರಿನ ಆಸುಪಾಸಿನಲ್ಲಿ. 1967ರಲ್ಲಿ ಅಮೆರಿಕದ ‘ಆಲ್ವಿನ್’ ಮೇಲೆ ಸುಮಾರು 600 ಮೀಟರ್ ಆಳದಲ್ಲಿ ಕತ್ತಿಮೀನೊಂದು ಎರಗಿತು. ಕತ್ತಿ ಹೊರಕವಚದ ಸಂದಿಯಲ್ಲಿ ಸಿಕ್ಕಿಕೊಂಡು ಬಿಟ್ಟುಬರಲಿಲ್ಲ. ಮೀನನ್ನೂ ಹೊತ್ತುಕೊಂಡೇ ಮೇಲೆ ಬಂದ ತಂಡ ಅಂದು ಅದನ್ನೇ ಬೇಯಿಸಿ ತಿಂದಿತು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ರುಚಿಯಾದ ಅಪಘಾತ ಕಡಿಮೆ. ಎಪ್ಪತ್ತರ ದಶಕದಲ್ಲಿ ‘ಕುಕೀಕಟರ್’ ಎಂಬ ಸುಮಾರು ಮೊಳದುದ್ದದ ಶಾರ್ಕ್ ಅಮೆರಿಕದ ಯುದ್ಧ ಜಲಾಂತರ್ಗಾಮಿಗಳ ಸೋನಾರ್ ಮೇಲಿನ ರಬ್ಬರನ್ನು ಕಚ್ಚಿ ಹಾಳುಮಾಡುತ್ತಿತ್ತು. ಕೊನೆಗೆ ಫೈಬರ್‌ಗ್ಲಾಸ್ ಹೊದಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2019ರದ್ದು. ಸೌತ್ ಕ್ಯಾರೊಲಿನಾದ ಕರಾವಳಿಯಾಚೆ ಮುಳುಗಿದ ಹಡಗೊಂದನ್ನು ಹುಡುಕುತ್ತಿದ್ದ ‘ಡೀಪ್ ಡಿಸ್ಕವರರ್’ ಎಂಬ ದೂರನಿಯಂತ್ರಿತ ವಾಹನ ಸುಮಾರು 450 ಮೀಟರ್ ಆಳದಲ್ಲಿ ಸತ್ತುಬಿದ್ದ ಕತ್ತಿಮೀನಿನ ಎದುರಿಗೆ ಬಂತು. ಹತ್ತಾರು ಪುಟ್ಟ ಡಾಗ್‌ಫಿಶ್ ಶಾರ್ಕ್‌ಗಳು ಅದನ್ನು ಹರಿದು ತಿನ್ನುತ್ತಿದ್ದವು. ಅಷ್ಟರಲ್ಲಿ ವಾಹನದ ಮರೆಯಲ್ಲಿ ಹೊಂಚಿದ್ದ ‘ರೆಕ್‌ಫಿಶ್’ ಎಂಬ ದಪ್ಪ ಮೀನು ಮುಂದೆ ಬಂದಿತು. ಕ್ಯಾಮೆರಾ ಅದರತ್ತ ತಿರುಗಿದಾಗ ಅದರ ಬಾಯಿಂದ ಒಂದು ಶಾರ್ಕ್‌ನ ಬಾಲ ಹೊರಗೆ ಜೋತಾಡುತ್ತಿತ್ತು. ಶಾರ್ಕ್ ತಿನ್ನುವ ಮೀನು ಸಿಕ್ಕಿದ್ದು ಹಡಗು ಹುಡುಕುವವರಿಗೆ!

ಹೀಗೆ ಆಕಸ್ಮಿಕವಾಗಿ ಸಿಗುವುದಕ್ಕೂ ಕಾರಣವಿದೆ. ವಾಹನದ ಪ್ರಖರ ಬಿಳಿ ದೀಪ, ಪ್ರೊಪೆಲ್ಲರ್ ಸದ್ದು ಆಳದ ಪ್ರಾಣಿಗಳನ್ನು ದೂರ ಓಡಿಸುತ್ತವೆ. ಅಮೆರಿಕದ ಎಡಿತ್ ವಿಡರ್ ಈ ತೊಂದರೆಗೆ ಕಂಡುಕೊಂಡ ಉಪಾಯ ಸರಳ: ಆಳದ ಬಹುಪಾಲು ಜೀವಿಗಳಿಗೆ ಕಾಣದ ಕೆಂಪು ಬೆಳಕು, ಸದ್ದಿಲ್ಲದೆ ತೂಗುಬಿದ್ದ ಕ್ಯಾಮೆರಾ. 2012ರಲ್ಲಿ ದೈತ್ಯ ಸ್ಕ್ವಿಡ್ ಚಿತ್ರಕ್ಕೆ ಸಿಕ್ಕಿದ್ದು ಹೀಗೆಯೇ.

ಎನ್‌ಐಒಟಿಯ ಯಂತ್ರಗಳು ಈವರೆಗೆ ಆಳಕ್ಕಿಳಿದದ್ದು ಹೆಚ್ಚಾಗಿ ಖನಿಜಕ್ಕಾಗಿ. ಅದರ ದೂರನಿಯಂತ್ರಿತ ವಾಹನ ‘ರೋಸಬ್ 6000’ 2010ರಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಮುಟ್ಟಿತು. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ತುಂಬಿದ ಗಂಟುಗಳು ಹಾಸಿಬಿದ್ದಿರುವ 75,000 ಚದರ ಕಿಲೋಮೀಟರ್ ಅಲ್ಲಿ ಭಾರತದ ಪಾಲಿಗಿದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ 4077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಯ ಕಣ್ಣೂ ಬಹುಮಟ್ಟಿಗೆ ಅತ್ತಲೇ. ತಪ್ಪೆನ್ನಲಾರೆ.

ಆದರೆ ಶಾರ್ಕ್‌ಗಳ ಲೋಕ ಅದಕ್ಕೂ ತುಂಬ ಮೇಲೆ, ಖಂಡದಂಚಿನ ಇಳಿಜಾರಿನಲ್ಲಿದೆ. ಅಲ್ಲಿಗೆ ವಿಜ್ಞಾನದ ಕ್ಯಾಮೆರಾಕ್ಕಿಂತ ಮೊದಲೇ ಗಾಳ ತಲುಪಿತು. ಹಸಿರುಗಣ್ಣಿನ ‘ಗಲ್ಪರ್’ ಶಾರ್ಕ್‌ಗಳ ಲಿವರ್ ಎಣ್ಣೆಯಲ್ಲಿ ಸ್ಕ್ವಾಲೀನ್ ಹೇರಳ. ಸೌಂದರ್ಯವರ್ಧಕಗಳಿಗೆ ಅದಕ್ಕೆ ಬೇಡಿಕೆ. ಮಾಲ್ಡೀವ್ಸ್‌ನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಈ ಬೇಟೆ ಜೋರಾಗಿ ನಡೆದು ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ನಮ್ಮಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಮೀನುಗಾರರು ಆಳಗಾಳದಲ್ಲಿ ಪಳಗಿದವರು. ಅವರು ಹಿಡಿದ ಆಳಸಮುದ್ರದ ಶಾರ್ಕ್ ಕೊಚ್ಚಿ ಬಂದರಿನಲ್ಲಿ ಇಳಿಯುತ್ತಿತ್ತು. ಗಲ್ಪರ್ ಒಂದು ಸಲಕ್ಕೆ ಹೆರುವುದು ಒಂದೆರಡು ಮರಿಗಳನ್ನಷ್ಟೇ. ಗರ್ಭವೇ ಸುಮಾರು ಎರಡು ವರ್ಷ. ಹೋದದ್ದು ಬೇಗ ತುಂಬಿಬರುವ ಸಂತತಿಯಲ್ಲ. ಪ್ರೀಡೆ ತಂಡದ ಊಹೆ ನಿಜವಾದರೆ, ಸಮುದ್ರದ ಕೆಳಗಿನ ಆ ನೂರಕ್ಕೆ ಎಪ್ಪತ್ತು ಪಾಲು ನೀರಿಗೆ ಅವುಗಳಿಗೆ ಪ್ರವೇಶ ಇಲ್ಲದಿರುವುದಕ್ಕೂ, ಉಳಿದ ಮೂವತ್ತು ಪಾಲಿನಲ್ಲಿ ಬೆನ್ನಟ್ಟಿಸಿಕೊಳ್ಳುವುದಕ್ಕೂ ಅದೇ ಎಣ್ಣೆ ಕಾರಣವಾಗಿದೆ.

ಮತ್ಸ್ಯ ತಳ ಸೇರಲು ಸುಮಾರು ನಾಲ್ಕು ಗಂಟೆ ಬೇಕು, ಏರಿಬರಲು ಮತ್ತೆ ಅಷ್ಟೇ. ಆ ದಾರಿಯ ಮೇಲಿನ ಸಾವಿರ ಮೀಟರಿನಲ್ಲಿ ದೀಪ ಆರಿಸಿ, ಕೆಂಪು ಬೆಳಕಿನಲ್ಲಿ ಅರ್ಧ ಗಂಟೆ ನಿಂತರೆ ನಷ್ಟವೇನೂ ಇಲ್ಲ. ಇಳಿಜಾರಿನ ಶಾರ್ಕ್ ಎಣಿಸಲು ಟೈಟಾನಿಯಂ ಗೋಳವೂ ಬೇಕಿಲ್ಲ. ಮಲ್ಪೆಯಿಂದಲೋ ಕೊಚ್ಚಿಯಿಂದಲೋ ಪಶ್ಚಿಮಕ್ಕೆ ಹೋಗಿ, ಆಮಿಷ ಕಟ್ಟಿದ ಕ್ಯಾಮೆರಾವನ್ನು 700 ಮೀಟರಿಗೆ ಇಳಿಬಿಟ್ಟು ರಾತ್ರಿ ಕಾದರಾಯಿತು. ಎಪ್ಪತ್ತು ವಾತಾವರಣದ ಒತ್ತಡ ತಡೆಯುವ ಕ್ಯಾಮೆರಾ ಪೆಟ್ಟಿಗೆಯೆಂದರೆ ಅಂಬತ್ತೂರಿನ ಶೆಡ್ಡಿನಲ್ಲೂ ಕಡೆಯಬಹುದಾದ ಕೆಲಸ.